ನಂಗ್ ಎಂತದೂ ಇಲ್ಲೆ

ಫೋನು ಬಂದಾಗ ನಾನು ಮಾಡಿನ ಮೇಲಿದ್ದೆ. 2020ರ ಜೂನ್ 2, ಮಂಗಳವಾರ, ಸಂಜೆ ಐದರ ಹೊತ್ತು. ಮಳೆ ಹಿಡಿಯುವ ಮೊದಲು ಹಟ್ಟಿಯ ಒಡೆದ ಹಂಚು ಬದಲಿಸಬೇಕಿತ್ತು. ಅಪ್ಪಯ್ಯ ಇದ್ದಾಗ ಅವರೇ ಮಾಡುತ್ತಿದ್ದ ಕೆಲಸ. ಒಂದು ಕೈಯಲ್ಲಿ ಪಕ್ಕಾಸು ಹಿಡಿದುಕೊಂಡು ಇನ್ನೊಂದರಲ್ಲಿ ಫೋನು ಎತ್ತಿದೆ.

"ಸರ್, ನೀವು ಎಲ್ಲಿದ್ದೀರಿ?" ಅಂತ ಒಬ್ಬರು ಹೆಂಗಸು ಕೇಳಿದರು.

"ಮಾಡಿನ ಮೇಲೆ" ಅಂದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕೆಳಗಿಳೀರಿ ಸರ್. ನಿಮ್ಮ ಕೊರೊನಾ ರಿಪೋರ್ಟು ಪಾಸಿಟಿವ್ ಬಂದಿದೆ. ಆಂಬುಲೆನ್ಸ್ ಬರ್ತದೆ. ಎರಡು ಜೊತೆ ಬಟ್ಟೆ, ಆಧಾರ್ ಕಾರ್ಡು, ಚಾರ್ಜರ್ ತಗೊಂಡು ರೆಡಿಯಾಗಿ" ಅಂದರು.

ಮೂಗಿಗೆ ಕಡ್ಡಿ ಹಾಕಿಸಿಕೊಂಡು ಹತ್ತು ದಿನ ಕಳೆದಿತ್ತು. ಕ್ವಾರಂಟೈನ್ ಮುಗಿಸಿ ಮನೆಗೆ ಬಂದೇ ನಾಲ್ಕು ದಿನ. ರಿಪೋರ್ಟು ನೆಗೆಟಿವ್ ಇರಬೇಕು, ಇಲ್ಲದಿದ್ದರೆ ಮನೆಗೆ ಯಾಕೆ ಬಿಡುತ್ತಿದ್ದರು ಅಂತ ನಾನೂ, ಮನೆಯವರೂ, ಊರವರೂ ನಿಶ್ಚಿಂತೆಯಲ್ಲಿದ್ದೆವು.

ಏಣಿಯ ಬುಡದಲ್ಲಿ ಅಮ್ಮ ನಿಂತಿದ್ದರು. ಮುಖ ನೋಡಿಯೇ ಅರ್ಥ ಮಾಡಿಕೊಂಡರೋ ಏನೋ. "ಜ್ವರ ಇತ್ತಾ ಮಗ?" ಅಂತ ಕೇಳಿದರು.

"ನಂಗ್ ಎಂತದೂ ಇಲ್ಲೆ ಅಮ್ಮ" ಅಂದೆ.

ಮುಂದಿನ ಹತ್ತು ದಿನ ಇದೇ ಮಾತನ್ನು ಎಷ್ಟು ಸಲ ಹೇಳಿದೆನೋ, ಎಷ್ಟು ಜನರ ಬಾಯಿಂದ ಕೇಳಿದೆನೋ ಲೆಕ್ಕ ಇಲ್ಲ.

ನಾನು ಬೈಂದೂರು ಕಡೆಯವನು. ಹದಿನೇಳು ವರ್ಷದಿಂದ ಮುಂಬೈಯ ಮಾಟುಂಗಾದಲ್ಲಿ ಒಂದು ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂರುತ್ತೇನೆ. ವಾಸ ವಡಾಲದ ಒಂದು ಗಲ್ಲಿಯಲ್ಲಿ. ಹತ್ತು ಅಡಿಗೆ ಹನ್ನೆರಡು ಅಡಿಯ ರೂಮು, ಅದರಲ್ಲಿ ಏಳು ಜನ. ಮಾಮೂಲಿ ದಿನದಲ್ಲಿ ಏಳೂ ಜನ ಒಟ್ಟಿಗೆ ಇರುವುದೇ ಇಲ್ಲ. ಪಾಳಿ ಮೇಲೆ ಕೆಲಸ, ಪಾಳಿ ಮೇಲೆ ನಿದ್ದೆ. ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಹೋಟೆಲಿನ ಶಟರ್ ಎಳೆದೆವು. ಮತ್ತೆ ಅದು ಮೇಲೇಳಲಿಲ್ಲ. ಅವತ್ತಿನಿಂದ ಏಳು ಜನವೂ ಹಗಲು ರಾತ್ರಿ ಅದೇ ರೂಮಿನಲ್ಲಿ. ಕಕ್ಕಸು ಗಲ್ಲಿಯ ತುದಿಗೆ, ನಲವತ್ತು ಮನೆಗೆ ನಾಲ್ಕು. ಯಾರಿಗೆ ಫೋನು ಮಾಡಿದರೂ ಮೊದಲು ಒಂದು ದನಿ ಬಂದು ಕೆಮ್ಮಿ, ಅಂತರ ಕಾಯ್ದುಕೊಳ್ಳಿ ಅಂತ ಹೇಳುತ್ತಿತ್ತು. ಮಲಗಿದರೆ ಒಬ್ಬನ ಮೊಣಕೈ ಇನ್ನೊಬ್ಬನ ಪಕ್ಕೆಗೆ ತಾಗುವ ಜಾಗದಲ್ಲಿ ಕೂತು ಇದನ್ನು ಕೇಳಬೇಕು!

ಪಕ್ಕದ ಗಲ್ಲಿಯಲ್ಲಿ ಒಬ್ಬರು ತೀರಿಕೊಂಡರು. ಅದರ ಹಿಂದಿನ ಗಲ್ಲಿಯಲ್ಲಿ ಇಬ್ಬರನ್ನು ಕರೆದುಕೊಂಡು ಹೋದರು. ನಮ್ಮ ರೂಮಿನಲ್ಲಿ ಮಾತ್ರ ಒಬ್ಬನಿಗೂ ಒಂದು ಸೀನು ಕೂಡ ಬರಲಿಲ್ಲ. ನಾವು ಗಟ್ಟಿ ಜನ, ಗಂಜಿ ಉಂಡು ಬೆಳೆದವರು ಅಂತೆಲ್ಲ ಜಂಬ ಕೊಚ್ಚಿಕೊಂಡೆವು. ಈಗ ಅದನ್ನು ನೆನೆಸಿಕೊಂಡರೆ ಒಂಥರಾ ಆಗುತ್ತದೆ.

ಮೇ ಎರಡನೇ ವಾರ ಊರಿಗೆ ಹೋಗಲು ಕರ್ನಾಟಕ ಸರ್ಕಾರದ ಸೇವಾ ಸಿಂಧು ಪಾಸು ಬಂತು. ಇಪ್ಪತ್ತೆರಡು ಜನ ಸೇರಿ ಬಸ್ಸು ಮಾಡಿಕೊಂಡೆವು, ತಲೆಗೆ 4,500 ರೂಪಾಯಿ. ರೂಮಿನ ಗಣೇಶನ ಹತ್ತಿರ ಅಷ್ಟು ದುಡ್ಡು ಇರಲಿಲ್ಲ. ನಾನು ಕೊಡುತ್ತೇನೆ ಅಂದರೂ ಒಪ್ಪಲಿಲ್ಲ. ಅವನು ನಮ್ಮ ಹೋಟೆಲಿನಲ್ಲಿ ಚಾ ಮಾಡುವವನು, ಊರು ಉಪ್ಪುಂದ. ಹೊರಡುವ ಹಿಂದಿನ ರಾತ್ರಿ ಉಳಿದಿದ್ದ ಅರ್ಧ ಪ್ಯಾಕೆಟ್ ಹಾಲಿನಲ್ಲಿ ಚಾ ಮಾಡಿದ. ಏಳು ಜನರಿಗೆ ಎಲ್ಲಿ ಸಾಕಾಗುತ್ತದೆ? ಕೊನೆಗೆ ಒಂದು ಲೋಟ ಉಳಿಯಿತು. ಅರ್ಧ ತಾನು ಕುಡಿದು, ಉಳಿದರ್ಧವನ್ನು ಅದೇ ಲೋಟದಲ್ಲಿ ನನ್ನ ಕೈಗಿಟ್ಟು "ಕಟಿಂಗ್" ಅಂದ. ನಾನು ಕುಡಿದೆ.

ಪುಣೆ, ಕೊಲ್ಹಾಪುರ ದಾಟಿ ನಿಪ್ಪಾಣಿ ಹತ್ತಿರದ ಕೊಗನೊಳ್ಳಿ ಚೆಕ್‌ಪೋಸ್ಟಿಗೆ ಬಂದಾಗ ಮೇ 14ರ ರಾತ್ರಿ. ಬಸ್ಸುಗಳ ಸಾಲು ಎಲ್ಲಿಯವರೆಗೆ ಇತ್ತೋ ಕಾಣುತ್ತಿರಲಿಲ್ಲ. ಹಣೆಗೆ ಗನ್ನು ಹಿಡಿದು ಜ್ವರ ನೋಡಿದರು. ಎಲ್ಲರಿಗೂ ನಾರ್ಮಲ್. ಬೆಳಿಗ್ಗೆ ಶಿರೂರು ಟೋಲ್‌ಗೇಟಿನಲ್ಲಿ ಮತ್ತೆ ಗನ್ನು, ಮತ್ತೆ ನಾರ್ಮಲ್. ಆ ಗನ್ನಿನ ಮೇಲೆ ನಮಗೆ ಎಷ್ಟು ನಂಬಿಕೆ ಅಂದರೆ, ಅದು ಹಸಿರು ತೋರಿಸಿದ ಕೂಡಲೇ ಕೆಲವರು ಮಾಸ್ಕು ಗಲ್ಲಕ್ಕೆ ಇಳಿಸಿದರು. ಗನ್ನಿಗೆ ಗೊತ್ತಾಗುವುದು ಚರ್ಮ ಎಷ್ಟು ಬಿಸಿ ಅನ್ನುವುದು ಮಾತ್ರ. ಒಳಗೆ ಯಾರಿದ್ದಾರೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ನಾವು ದಾಟಿ ನಾಲ್ಕೇ ದಿನಕ್ಕೆ, ಮೇ 18ಕ್ಕೆ, ಮಹಾರಾಷ್ಟ್ರದವರನ್ನು ತಿಂಗಳ ಕೊನೆಯವರೆಗೆ ರಾಜ್ಯದೊಳಗೆ ಬಿಡುವುದಿಲ್ಲ ಅಂತ ಸರ್ಕಾರ ಹೇಳಿತು.

ಉಡುಪಿ ಅಲ್ಲಿಯವರೆಗೆ ಹಸಿರು ವಲಯ. ಮಾರ್ಚಿನಲ್ಲಿ ಮೂರು ಕೇಸು ಬಂದು, ಮೂವರೂ ಗುಣವಾಗಿದ್ದರು. ಆಮೇಲೆ ಮೇ ಮಧ್ಯದವರೆಗೆ ಹೊಸದು ಒಂದೂ ಇರಲಿಲ್ಲ. ಆಗ ಬಂದವರು ನಾವು. ಊರವರಿಗೆ ಹೆದರಿಕೆ ಆದದ್ದನ್ನು ತಪ್ಪು ಅನ್ನಲಾರೆ. ವರ್ಷಕ್ಕೊಮ್ಮೆ ಜಾತ್ರೆಗೆ ಬಂದಾಗ "ಬಾಂಬೆಯವ್ರು ಬಂದ್ರ್" ಅಂತ ಓಡಿ ಬರುತ್ತಿದ್ದ ಜನ, ಅದೇ ಮಾತನ್ನು ಈಗ ಹಿಂದೆ ಸರಿಯುತ್ತಾ ಹೇಳುತ್ತಿದ್ದರು, ಅಷ್ಟೇ.

ನಮ್ಮನ್ನು ಹಾಕಿದ್ದು ಒಂದು ಶಾಲೆಯಲ್ಲಿ. ಮೂರು ಕೋಣೆ, ಬೆಂಚು ಜೋಡಿಸಿ ಮಂಚ. ನನ್ನ ಕೋಣೆಯ ಕರಿಹಲಗೆಯ ಮೇಲೆ 13-3-2020 ಅಂತ ದಿನಾಂಕ ಹಾಗೇ ಉಳಿದಿತ್ತು. ಪಕ್ಕದಲ್ಲಿ ಹಾಜರಿ: ಹುಡುಗರು 11, ಹುಡುಗಿಯರು 14. ಯಾರಿಗೂ ಅದನ್ನು ಒರೆಸುವ ಮನಸ್ಸು ಬರಲಿಲ್ಲ.

ನಿಜ ಹೇಳಬೇಕೆಂದರೆ ಆ ಹದಿನಾಲ್ಕು ದಿನ ಕಷ್ಟ ಅನಿಸಲಿಲ್ಲ. ಎಷ್ಟೋ ವರ್ಷದ ಮೇಲೆ ಮೇ ತಿಂಗಳಲ್ಲಿ ಊರು ನೋಡಿದ್ದು. ಮನೆಯವರು ಗೇಟಿನ ಹೊರಗೆ ಬುತ್ತಿ ಇಟ್ಟು ಹೋಗುತ್ತಿದ್ದರು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಹಲಸಿನ ಹಣ್ಣಿನ ಕಡುಬು. ಒಬ್ಬರ ಮನೆಯದ್ದು ಬಂದರೆ ಎಂಟು ಜನ ಸುತ್ತ ಕೂರುತ್ತಿದ್ದರು. ರಾತ್ರಿ ಇಸ್ಪೀಟು. ಸಂಜೆ ಗುಡುಗು ಮಳೆ ಬಂದರೆ ಜಗಲಿಯಲ್ಲಿ ಸಾಲಾಗಿ ಕೂತು ನೋಡುವುದು. ಮುಂಬೈಯಿಂದ ಬಂದದ್ದಾಯಿತು, ದೇವರು ದೊಡ್ಡವನು ಅಂತ ಎಲ್ಲರಿಗೂ ಸಮಾಧಾನ.

ಆಶಾ ಕಾರ್ಯಕರ್ತೆ ದಿನಾ ಬೆಳಿಗ್ಗೆ ಬರುತ್ತಿದ್ದರು. ಗೇಟಿನ ಆಚೆ ನಿಂತು ಪುಸ್ತಕ ಬಿಡಿಸಿ ಹೆಸರು ಕರೆಯುವುದು, ಮೂರು ಪ್ರಶ್ನೆ ಕೇಳುವುದು. ಜ್ವರ? ಕೆಮ್ಮು? ಉಸಿರಾಟದ ತೊಂದರೆ? ನಾವು ಶಾಲೆ ಮಕ್ಕಳ ಹಾಗೆ "ಇಲ್ಲೆ, ಇಲ್ಲೆ, ಇಲ್ಲೆ" ಅನ್ನುತ್ತಿದ್ದೆವು. ಅವರು ಮೂರು ಸಲ ಸೊನ್ನೆ ಬರೆಯುತ್ತಿದ್ದರು. ಸುಳ್ಳು ಹೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಆಮೇಲೆ ಊರಿನಲ್ಲಿ "ಮುಂಬೈಯವರು ಜ್ವರ ಮುಚ್ಚಿಟ್ಟರು, ಮಾತ್ರೆ ನುಂಗಿ ಬಂದರು" ಅಂತ ಮಾತು ಎದ್ದಿತು. ಮುಚ್ಚಿಡಲು ಜ್ವರ ಇರಬೇಕಲ್ವಾ?

ಮೂರನೇ ದಿನ ಇನ್ನೊಂದು ಬಸ್ಸಿನ ಆರು ಜನರನ್ನು ಅದೇ ಶಾಲೆಗೆ ತಂದರು. ಬೇರೆ ಕೋಣೆ, ಆದರೆ ಕಕ್ಕಸು ಅದೇ, ಬಾವಿ ಕಟ್ಟೆ ಅದೇ, ಇಸ್ಪೀಟಿನ ಕಟ್ಟು ಅದೇ. ಆಗ ಯಾರಿಗೂ ಹೊಳೆಯಲಿಲ್ಲ. ವೈರಸ್ಸು ಮೈಸೇರಿ ಲಕ್ಷಣ ಕಾಣಿಸಿಕೊಳ್ಳಲು ಎರಡರಿಂದ ಹದಿನಾಲ್ಕು ದಿನ, ಹೆಚ್ಚಿನವರಿಗೆ ಐದಾರು ದಿನ. ಅದಕ್ಕೇ ಹದಿನಾಲ್ಕು ದಿನ ಕೂರಿಸುವುದು. ಆ ಲೆಕ್ಕ ಸರಿ ಬರಬೇಕಾದರೆ ಕೂತವರು ಒಬ್ಬೊಬ್ಬರೇ ಬೇರೆ ಕೂರಬೇಕು. ಇಪ್ಪತ್ತೆಂಟು ಜನ ಒಂದೇ ಎಲೆಯಲ್ಲಿ ಕಡುಬು ಮುರಿದು ತಿಂದರೆ, ಯಾರ ಹದಿನಾಲ್ಕು ಯಾವತ್ತಿಗೆ ಮುಗಿಯುತ್ತದೆ? ಇವತ್ತು ಒಬ್ಬನಿಂದ ಇನ್ನೊಬ್ಬನಿಗೆ ದಾಟಿದರೆ ಅವನ ಲೆಕ್ಕ ಇವತ್ತಿನಿಂದ ಶುರು. ಲಕ್ಷಣ ಇದ್ದರಾದರೂ ಒಬ್ಬ ಕೆಮ್ಮಿದಾಗ ಉಳಿದವರು ಜಾಗ ಬದಲಿಸುತ್ತಿದ್ದರು. ಇಲ್ಲಿ ಕೆಮ್ಮುವವರೇ ಇಲ್ಲ.

ಮೇ 23, ಶನಿವಾರ, ವ್ಯಾನು ಬಂತು. ಗಂಟಲಿಗೆ ಒಂದು ಕಡ್ಡಿ, ಮೂಗಿಗೆ ಒಂದು. ಮೂಗಿನದ್ದು ಎಲ್ಲಿಯವರೆಗೆ ಹೋಗುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಕಣ್ಣಲ್ಲಿ ನೀರು ಬಂದು, ಸೀನು ಬಂದು, ನಮ್ಮಲ್ಲಿ ದೊಡ್ಡ ಮೀಸೆಯ ಒಬ್ಬರು ಕಂಪೌಂಡು ಗೋಡೆ ಹಿಡಿದು ನಿಂತರು.

ಮೇ 29ಕ್ಕೆ ಹದಿನಾಲ್ಕು ಮುಗಿಯಿತು. ರಿಪೋರ್ಟು ಬಂದಿರಲಿಲ್ಲ. "ಏನಾದರೂ ಇದ್ದರೆ ಫೋನು ಬರ್ತದೆ, ಮನೆಯಿಂದ ಹೊರಗೆ ಹೋಗ್ಬೇಡಿ" ಅಂದು ಕಳಿಸಿದರು. ಆ ವಾರ ಎಲ್ಲ ಕಡೆ ಸ್ಯಾಂಪಲ್ಲು ರಾಶಿ ಬಿದ್ದಿತ್ತು, ಶಾಲೆ ಖಾಲಿ ಮಾಡಬೇಕಿತ್ತು. ಕಳಿಸಿದವರಿಗೂ ಮನಸ್ಸಿತ್ತು ಅಂತ ನನಗೆ ಅನಿಸುವುದಿಲ್ಲ. ಆದರೆ ಕಳಿಸಿದ್ದು ತಪ್ಪು. ಇದರಲ್ಲಿ ನನಗೆ ಅನುಮಾನ ಇಲ್ಲ.

ಮನೆಯಲ್ಲಿ ನಾನು ಚಾವಡಿಯಲ್ಲಿ ಮಲಗಿದೆ. ಬಟ್ಟಲು ಬೇರೆ, ಲೋಟ ಬೇರೆ. ಮೊದಲ ಎರಡು ದಿನ ಶಿಸ್ತಾಗಿಯೇ ನಡೆಯಿತು. ಮೂರನೇ ದಿನ ಎಂಟು ವರ್ಷದ ಮಗಳು ಚಿತ್ರದ ಪುಸ್ತಕ ಹಿಡಿದು ಬಂದು ತೊಡೆಯ ಮೇಲೆ ಕೂತಳು. ಹೆಂಡತಿ ಬಾಗಿಲ ಹತ್ತಿರ ನಿಂತು ನೋಡಿದಳು. ಏಳಿಸು ಅಂತ ಅವಳೂ ಹೇಳಲಿಲ್ಲ, ನಾನೂ ಏಳಿಸಲಿಲ್ಲ. ಆಸ್ಪತ್ರೆಯಲ್ಲಿ ಹತ್ತು ದಿನ ನನ್ನ ಕಣ್ಣಿಗೆ ಕಟ್ಟಿದ್ದು ಆ ಅರ್ಧ ಗಂಟೆ ಮಾತ್ರ.

ಆಂಬುಲೆನ್ಸು ರಾತ್ರಿ ಒಂಬತ್ತೂವರೆಗೆ ಬಂತು. ಸೈರನ್ ಹಾಕಿರಲಿಲ್ಲ. ಆದರೆ ನಮ್ಮ ಕಡೆ ಆ ಹೊತ್ತಿನಲ್ಲಿ ಒಂದು ಬೈಕು ಬಂದರೂ ನಾಲ್ಕು ಮನೆಯ ದೀಪ ಹತ್ತುತ್ತದೆ. ಬಿಳಿ ಡ್ರೆಸ್ಸಿನ ಇಬ್ಬರು ಇಳಿದರು. ಗದ್ದೆಯ ಆಚೆಯ ಅಂಚಿನಲ್ಲಿ ಮೊಬೈಲು ಬೆಳಕು ಕಂಡಿತು. ಯಾರೋ ವಿಡಿಯೋ ಮಾಡುತ್ತಿದ್ದರು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ನಡೆದೇ ಹೋಗಿ ಹತ್ತಿದೆ. "ಮಲ್ಕೊಳ್ತೀರಾ?" ಅಂತ ಕೇಳಿದರು. ಹಂಚು ಹೊತ್ತು ಏಣಿ ಹತ್ತಿ ಇಳಿದವನಿಗೆ ಸ್ಟ್ರೆಚರು! ಕೂತೇ ಹೋದೆ. ಅಮ್ಮ "ಉಂಡ್ಕಂಡ್ ಹೋಗ್ ಮಗ" ಅಂದದ್ದು ಬಾಗಿಲು ಮುಚ್ಚುವಾಗ ಕೇಳಿಸಿತು.

ಆ ದಿನ ರಾಜ್ಯದಲ್ಲಿ 388 ಹೊಸ ಕೇಸು. ಅದರಲ್ಲಿ 150 ನಮ್ಮ ಜಿಲ್ಲೆಯದ್ದೇ. ಮೂರು ದಿನ ಕಳೆದು, ಜೂನ್ 5ಕ್ಕೆ, 515ರಲ್ಲಿ 204 ನಮ್ಮವು. ಹೆಚ್ಚಿನವರು ಮಹಾರಾಷ್ಟ್ರದಿಂದ ಬಂದವರು. ಆಗಿನ ಬುಲೆಟಿನ್ನಿನಲ್ಲಿ ಪ್ರತಿಯೊಬ್ಬರಿಗೂ ಒಂದು ಪಿ ನಂಬರು ಇರುತ್ತಿತ್ತು. ನನ್ನದು ಮೂರು ಸಾವಿರದ ಚಿಲ್ಲರೆ. ಹೆಸರಿಲ್ಲ. ವಯಸ್ಸು, ಗಂಡು, ಮಹಾರಾಷ್ಟ್ರ ಪ್ರಯಾಣ, ಅಷ್ಟೇ. ಆದರೂ ಊರಿನ ವಾಟ್ಸಾಪ್ ಗುಂಪಿಗೆ ನಾನು ಯಾರು ಅಂತ ತಿಳಿಯಲು ಹತ್ತು ನಿಮಿಷ ಸಾಕಾಯಿತು.

ವಾರ್ಡಿನ ಬಾಗಿಲು ತೆಗೆದಾಗ ನನಗೆ ಕಂಡದ್ದು ಆಸ್ಪತ್ರೆ ಅಲ್ಲ, ಮದುವೆಮನೆಯ ಹಿಂದಿನ ರಾತ್ರಿ. ಇಪ್ಪತ್ತು ಮಂಚ, ಇಪ್ಪತ್ತು ಜನ, ಒಬ್ಬರೂ ಮಲಗಿಲ್ಲ. ಒಬ್ಬ ಕಿಟಕಿಯಲ್ಲಿ ಫೋನಿಗೆ ಸಿಗ್ನಲ್ ಹುಡುಕುತ್ತಿದ್ದಾನೆ. ಇಬ್ಬರು ಯಕ್ಷಗಾನದ ವಿಡಿಯೋ ಹಾಕಿಕೊಂಡಿದ್ದಾರೆ. ಮೂಲೆಯಲ್ಲಿ ನಾಲ್ಕು ಜನ ಇಸ್ಪೀಟು. "ಬನ್ನಿ ಬನ್ನಿ, ಯಾವ ಊರು? ಯಾವ ಹೋಟ್ಲು?" ಅಂತ ಸ್ವಾಗತ. ಅಂಧೇರಿ, ಥಾಣೆ, ಘಾಟ್ಕೋಪರ್, ಸಯಾನ್, ಎಲ್ಲ ಅಲ್ಲಿತ್ತು. ನಮ್ಮ ಶಾಲೆಯವರೂ ನಾಲ್ಕು ಜನ. ಒಟ್ಟು ಇಪ್ಪತ್ತೆಂಟರಲ್ಲಿ ಐವರಿಗೆ ಬಂದಿತ್ತು. ಐವರಲ್ಲಿ ಒಬ್ಬನಿಗೆ ಮಾತ್ರ ಒಂದು ದಿನ ಗಂಟಲು ಕೆರೆದಿತ್ತಂತೆ. ಮೂಗಿನ ಕಡ್ಡಿಯಿಂದಲೋ ಏನೋ ಅಂದುಕೊಂಡು ಸುಮ್ಮನಾಗಿದ್ದನಂತೆ.

ದಿನಕ್ಕೆ ಎರಡು ಹೊತ್ತು ಜ್ವರ, ಬಿಪಿ, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ಆಕ್ಸಿಜನ್ ನೋಡುವುದು. ವಿಟಮಿನ್ ಸಿ, ಜಿಂಕ್ ಮಾತ್ರೆ. ಕೆಲವರಿಗೆ ಇಸಿಜಿ ಮಾಡಿ ಮಲೇರಿಯಾದ ಮಾತ್ರೆಯೂ ಕೊಟ್ಟರು. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಬೇಯಿಸಿದ ಮೊಟ್ಟೆ. ಇಡ್ಲಿ ಬಂದ ದಿನ ವಾರ್ಡಿನಲ್ಲಿ ದೊಡ್ಡ ಚರ್ಚೆ. ಇಪ್ಪತ್ತು ಜನ ಹೋಟೆಲಿನವರು ಇರುವಲ್ಲಿ ಇಡ್ಲಿ ಕೊಡುವುದು ಧೈರ್ಯದ ಕೆಲಸವೇ. ಉದ್ದು ಕಮ್ಮಿ ಅಂತ ಒಬ್ಬ, ಹಿಟ್ಟು ಹುಳಿ ಬಂದಿಲ್ಲ ಅಂತ ಇನ್ನೊಬ್ಬ.

ಇಷ್ಟೆಲ್ಲ ನಗೆ ಇದ್ದರೂ ಒಳಗೊಳಗೆ ಎಲ್ಲರೂ ಒಂದೇ ಕೆಲಸ ಮಾಡುತ್ತಿದ್ದೆವು. ಮೈಯನ್ನು ಕಾಯುವುದು. ಬೆಳಿಗ್ಗೆ ಎದ್ದ ಕೂಡಲೇ ಸೋಪು ಮೂಸಿ ನೋಡುವುದು. ವಾಸನೆ ಇದೆ, ಅಬ್ಬ. ಉಸಿರು ಕಟ್ಟಿ ಹತ್ತು ಎಣಿಸುವುದು. ಎದೆ ಭಾರ ಅನಿಸಿತಾ? ಇಲ್ಲ, ಊಟ ಜಾಸ್ತಿ ಆಗಿದೆ. ರಾತ್ರಿ ಮೈ ಬಿಸಿ ಅನಿಸಿ ಎದ್ದು ಕೂರುವುದು. ಫ್ಯಾನು ನಿಂತಿದೆ, ಅಷ್ಟೇ. ಕಾಯಿಲೆ ಇದ್ದವನಿಗೆ ಎಲ್ಲಿ ನೋವು ಅಂತ ಗೊತ್ತಿರುತ್ತದೆ, ಅಲ್ಲಿಗೆ ಕೈ ಇಡುತ್ತಾನೆ. ನಮಗೆ ಕೈ ಇಡಲು ಜಾಗವೇ ಇರಲಿಲ್ಲ. ಒಂದು ಕಾಗದ ಮಾತ್ರ ನಮ್ಮನ್ನು ರೋಗಿ ಅಂತ ಹೇಳುತ್ತಿತ್ತು. ಆ ಕಾಗದವನ್ನೂ ನಾವು ಕಣ್ಣಾರೆ ಕಂಡಿರಲಿಲ್ಲ.

"ಮಿಷನ್ನೇ ತಪ್ಪು" ಅನ್ನುವ ಪಕ್ಷ ವಾರ್ಡಿನಲ್ಲಿ ಬಲವಾಗಿತ್ತು. ನಾನೂ ಎರಡು ದಿನ ಆ ಪಕ್ಷದಲ್ಲಿದ್ದೆ. ಮೂರನೇ ದಿನ ರೌಂಡ್ಸಿಗೆ ಬಂದ ಡಾಕ್ಟರು, ಆ ಡ್ರೆಸ್ಸಿನೊಳಗೆ ಬೆವರಿ ಕನ್ನಡಕ ಮಂಜಾಗಿದ್ದರೂ, ನನ್ನ ಮಂಚದ ಹತ್ತಿರ ಐದು ನಿಮಿಷ ನಿಂತರು.

"ಡಾಕ್ಟ್ರೇ, ನನಗೆ ಏನೂ ಇಲ್ಲ. ಆದ್ರೂ ಪಾಸಿಟಿವ್ ಹೇಗೆ?" ಅಂತ ಕೇಳಿದೆ.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕಡ್ಡಿಯಲ್ಲಿ ಬಂದ ವೈರಸ್ಸಿನ ತುಣುಕನ್ನು ಮಿಷನ್ನು ಎರಡು ಮಾಡುತ್ತದೆ, ಎರಡನ್ನು ನಾಲ್ಕು, ನಾಲ್ಕನ್ನು ಎಂಟು. ಹೀಗೆ ಮೂವತ್ತು ಸುತ್ತು ಹೋದರೆ ಒಂದು ತುಣುಕು ನೂರು ಕೋಟಿ ದಾಟುತ್ತದೆ. ಅದಕ್ಕೇ ಬಹಳ ಸ್ವಲ್ಪ ಇದ್ದರೂ ಸಿಕ್ಕಿಬೀಳುತ್ತದೆ. ಆದರೆ ಸಿಕ್ಕಿದ್ದು ಜೀವಂತ ವೈರಸ್ಸೋ, ಸತ್ತದ್ದರ ಚೂರೋ ಅಂತ ಅದು ಹೇಳುವುದಿಲ್ಲ. ನನಗೆ ಕೂಡಲೇ ಹೋಟೆಲಿನ ಇಂಗಿನ ಡಬ್ಬಿ ನೆನಪಾಯಿತು. ಖಾಲಿಯಾಗಿ ತಿಂಗಳಾದರೂ ಮುಚ್ಚಳ ತೆಗೆದರೆ ಇಂಗು ಇದೆ ಅಂತಲೇ ಮೂಗು ಹೇಳುತ್ತದೆ.

"ಹಾಗಾದ್ರೆ ನಾನು ಹರಡ್ಲಿಲ್ಲ ಅಂತಲಾ?" ಅಂದೆ. ನನಗೆ ಬೇಕಾಗಿದ್ದದ್ದು ಆ ಒಂದು ಉತ್ತರ.

"ಹಾಗೆ ಹೇಳ್ಲಿಕ್ಕೆ ಬರೂದಿಲ್ಲ" ಅಂದರು. ಕೆಲವರಿಗೆ ಕೊನೆಯವರೆಗೂ ಲಕ್ಷಣ ಬರುವುದಿಲ್ಲ. ಇನ್ನು ಕೆಲವರಿಗೆ ಇವತ್ತು ಇಲ್ಲ, ನಾಡಿದ್ದು ಬರುತ್ತದೆ. ಕಡ್ಡಿ ಹಾಕುವ ದಿನ ಇಬ್ಬರೂ ಒಂದೇ ಥರ ಕಾಣುತ್ತಾರೆ. ಆ ಎರಡನೇ ಜಾತಿಯವರಲ್ಲಿ ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ವೈರಸ್ಸು ಹೊರಗೆ ಬರಲು ಶುರುವಾಗಿರುತ್ತದೆ. "ನಿಮ್ಮ ಸ್ವಾಬ್ ಯಾವತ್ತು ತೆಗೆದದ್ದು?" ಅಂತ ಕೇಳಿದರು. ಮೇ 23 ಅಂದೆ. ಬೆರಳು ಮಡಚಿ ಎಣಿಸಿದರು. ಹನ್ನೆರಡನೇ ಬೆರಳಿಗೆ ನಿಲ್ಲಿಸಿ, "ಈಗ ಹೆಚ್ಚುಕಮ್ಮಿ ಹೋಗಿರ್ಬೇಕು" ಅಂದು ಮುಂದಿನ ಮಂಚಕ್ಕೆ ನಡೆದರು.

ಅಂದರೆ ನಾನು ಹರಡುವವನಾಗಿದ್ದ ದಿನಗಳಲ್ಲಿ ಶಾಲೆಯ ಜಗಲಿಯಲ್ಲಿ ಕಡುಬು ಹಂಚಿಕೊಂಡು ಕೂತಿದ್ದೆ. ಹೆಚ್ಚಿನಂಶ ಏನೂ ಉಳಿಯದ ಮೇಲೆ ನನ್ನನ್ನು ರಾತ್ರೋರಾತ್ರಿ ಎತ್ತಿಕೊಂಡು ಬಂದರು, ಮನೆಯ ದಾರಿಗೆ ಬಿದಿರು ಅಡ್ಡ ಕಟ್ಟಿದರು. ನಡುವಿನ ನಾಲ್ಕು ದಿನ, ಮಗಳು ತೊಡೆಯ ಮೇಲೆ ಕೂತ ಆ ದಿನ, ಎರಡರಲ್ಲಿ ಯಾವುದಕ್ಕೆ ಸೇರಿತ್ತು? ಅದನ್ನು ಯಾವ ಡಾಕ್ಟರೂ ಹೇಳಲಾರರು.

ಊರಿನಲ್ಲಿ ಮನೆ ಸೀಲ್‌ಡೌನ್ ಆಯಿತು. ಮನೆಯಲ್ಲೇ ಹಸು ಇರುವುದರಿಂದ ಹಾಲು ತರುವ ಕಷ್ಟ ಇರಲಿಲ್ಲ, ಕಷ್ಟ ಇದ್ದದ್ದು ನಮ್ಮ ಹಾಲನ್ನು ಯಾರೂ ತೆಗೆದುಕೊಳ್ಳದಿದ್ದದ್ದು. ಅಮ್ಮ ಎರಡು ಹೊತ್ತೂ ಕರೆದು, ಕಾಯಿಸಿ, ಮೊಸರು ಮಾಡಿ, ಬೆಣ್ಣೆ ತೆಗೆದು, ಕೊನೆಗೆ ಮಜ್ಜಿಗೆಯನ್ನು ತೆಂಗಿನ ಬುಡಕ್ಕೆ ಹೊಯ್ದರು. ಎದುರು ಮನೆಯವರು ಮಾತ್ರ ದಿನಾ ಸಂಜೆ ಬಿದಿರಿನ ಆಚೆ ನಿಂತು, "ಹ್ವಾಯ್, ಸಾಮಾನ್ ಎಂತಾರೂ ಬೇಕಿತ್ತಾ?" ಅಂತ ಕೂಗಿ ಕೇಳುತ್ತಿದ್ದರು. ಅಮ್ಮ, ಹೆಂಡತಿ, ಮಗಳು ಮೂವರಿಗೂ ಟೆಸ್ಟು ಆಯಿತು. ಆ ರಿಪೋರ್ಟು ಬರುವ ನಾಲ್ಕು ದಿನ ನಾನು ಇಸ್ಪೀಟು ಆಡಲಿಲ್ಲ. ಮಗಳು ಫೋನಿನಲ್ಲಿ "ಅಪ್ಪ, ಕೊರೊನಾ ಬಂದ್ರೆ ನೋಯ್ತದಾ?" ಅಂತ ಕೇಳಿದಳು. ಇಲ್ಲ ಅಂದೆ. "ಮತ್ತೆ ಆಸ್ಪತ್ರೆಲಿ ಎಂತಕ್ಕೆ ಇದ್ದೆ?" ಅಂದಳು. ಮೂವರದ್ದೂ ನೆಗೆಟಿವ್ ಬಂತು. ಫೋನು ಇಟ್ಟು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತೆ.

"ಎಂತದೂ ಇಲ್ಲೆ" ಅನ್ನುವ ಮಾತಿನ ಮೇಲೆ ನನಗೆ ನಂಬಿಕೆ ಹೋದದ್ದು ಆರನೇ ರಾತ್ರಿ. ನನ್ನ ಎಡಗಡೆಯ ಮಂಚದಲ್ಲಿ ಒಬ್ಬರು ಹಿರಿಯರಿದ್ದರು, ಅರವತ್ತು ದಾಟಿದವರು, ಥಾಣೆಯಲ್ಲಿ ಕ್ಯಾಂಟೀನು ನಡೆಸುತ್ತಿದ್ದವರು. ಸಂಜೆಯವರೆಗೆ ನಮ್ಮ ಜೊತೆ ಹರಟಿದ್ದರು. ರಾತ್ರಿ ನರ್ಸು ಬೆರಳಿಗೆ ಕ್ಲಿಪ್ಪು ಹಾಕಿದರೆ 86. ಇನ್ನೊಂದು ಬೆರಳಿಗೆ ಹಾಕಿದರು, 85. ನಮ್ಮದೆಲ್ಲ 97, 98 ಇರುತ್ತಿತ್ತು.

"ಅಜ್ಜ, ಉಸಿರು ಕಟ್ತದಾ?"

"ನಂಗ್ ಎಂತದೂ ಇಲ್ಲೆ ಮಗಾ. ಬೆರಳ್ ತಂಪಿತ್ತ್, ಅದಕ್ಕೆ ಹಾಂಗೆ ತೋರ್ಸತ್ತ್" ಅಂದು ನಕ್ಕರು.

ನಗುತ್ತಲೇ ಇದ್ದವರನ್ನು ಹತ್ತು ನಿಮಿಷದಲ್ಲಿ ಗಾಲಿಕುರ್ಚಿಯಲ್ಲಿ ಐಸಿಯುಗೆ ಒಯ್ದರು. ಹೋಗುವಾಗ ಚಪ್ಪಲಿ ಮಂಚದ ಕೆಳಗೇ ಉಳಿಯಿತು. ಆ ರಾತ್ರಿ ವಾರ್ಡಿನಲ್ಲಿ ಯಾರೂ ಯಕ್ಷಗಾನ ಹಾಕಲಿಲ್ಲ. ಆಕ್ಸಿಜನ್ ಇಳಿದರೂ ಕೆಲವರಿಗೆ ಏದುಸಿರು ಬರುವುದಿಲ್ಲ, ಅದಕ್ಕೇ ಆ ಕ್ಲಿಪ್ಪು ಬೇಕು ಅಂತ ನರ್ಸು ಹೇಳಿದರು. ಅಲ್ಲಿಯವರೆಗೆ ಕ್ಲಿಪ್ಪು ಅಂದರೆ ನಮಗೆ ತಮಾಷೆ. ಯಾರದ್ದು 99 ಬರುತ್ತದೆ ಅಂತ ಪಂದ್ಯ ಕಟ್ಟುತ್ತಿದ್ದೆವು. ಮರುದಿನದಿಂದ ನರ್ಸು ಬರುವ ಮೊದಲೇ ಇಪ್ಪತ್ತು ಬೆರಳು ಸಿದ್ಧವಾಗಿರುತ್ತಿದ್ದವು. ಅಜ್ಜ ಎಂಟು ದಿನ ಐಸಿಯುನಲ್ಲಿದ್ದು ಗುಣವಾಗಿ ಮನೆಗೆ ಹೋದರು ಅಂತ ಆಮೇಲೆ ತಿಳಿಯಿತು.

ಅದೇ ವಾರ, ಜೂನ್ 8ಕ್ಕೆ, ವಿಶ್ವ ಆರೋಗ್ಯ ಸಂಸ್ಥೆಯ ಮರಿಯಾ ವ್ಯಾನ್ ಕರ್ಕೋವ್ ಅನ್ನುವವರು, ಲಕ್ಷಣ ಇಲ್ಲದವರಿಂದ ಸೋಂಕು ಹರಡುವುದು ಬಹಳ ಅಪರೂಪ ಅನ್ನುವ ಅರ್ಥದ ಮಾತು ಹೇಳಿದರು. ವಾರ್ಡಿನಲ್ಲಿ ಹಬ್ಬ. ಹೆಂಡತಿಗೆ, ಊರಿನ ಗುಂಪಿಗೆ, ಪಂಚಾಯಿತಿ ಸದಸ್ಯರಿಗೆ ಎಲ್ಲರೂ ಆ ಸುದ್ದಿ ಕಳಿಸಿದ್ದೇ ಕಳಿಸಿದ್ದು. ಮರುದಿನ ಅವರೇ, ತಾನು ಹೇಳಿದ್ದು ಕೆಲವೇ ಅಧ್ಯಯನಗಳ ಬಗ್ಗೆ, ಈ ಪ್ರಶ್ನೆಗೆ ಇನ್ನೂ ಸರಿಯಾದ ಉತ್ತರ ಇಲ್ಲ ಅಂದರು. ಆ ಎರಡನೇ ಸುದ್ದಿಯನ್ನು ನಮ್ಮಲ್ಲಿ ಯಾರೂ ಯಾರಿಗೂ ಕಳಿಸಲಿಲ್ಲ. ನಾನೂ ಕಳಿಸಲಿಲ್ಲ.

ಮತ್ತೊಂದು ಸಲ ಮೂಗಿಗೆ ಕಡ್ಡಿ ಹಾಕಿ, ನೆಗೆಟಿವ್ ಬಂದ ಮೇಲೆ ಜೂನ್ 12ಕ್ಕೆ ಬಿಟ್ಟರು. ಕೈಗೆ ಸೀಲು, ಹದಿನಾಲ್ಕು ದಿನ ಹೋಮ್ ಕ್ವಾರಂಟೈನು. ಮಳೆ ಜೋರಾಗಿತ್ತು. ಹಟ್ಟಿಯ ಮಾಡಿನ ಅರ್ಧ ಮಾತ್ರ ಹಂಚು ಬದಲಾಗಿತ್ತಲ್ಲ, ಉಳಿದರ್ಧಕ್ಕೆ ಅಮ್ಮ ಟಾರ್ಪಾಲು ಹೊದೆಸಿದ್ದರು. ಕೈಯ ಸೀಲು ಪಾತ್ರೆ ತೊಳೆದು, ಹುಲ್ಲು ಹಾಕಿ, ಎಂಟು ದಿನದಲ್ಲಿ ಅಳಿಸಿಹೋಯಿತು. ಹಾಲು ತೆಗೆದುಕೊಳ್ಳಲು ಶುರುಮಾಡಿದ್ದು ಆಷಾಢ ಮುಗಿಯುವ ಹೊತ್ತಿಗೆ.

ಆ ಜುಲೈನಲ್ಲಿ ಮುಂಬೈ ಪಾಲಿಕೆಯ ಮೂರು ವಾರ್ಡುಗಳಲ್ಲಿ ಜನರ ರಕ್ತ ಪರೀಕ್ಷೆ ಮಾಡಿದ ಸುದ್ದಿ ಬಂತು. ಎಫ್ ನಾರ್ತ್, ಎಂ ವೆಸ್ಟ್, ಆರ್ ನಾರ್ತ್. ಎಫ್ ನಾರ್ತ್ ಅಂದರೆ ನಮ್ಮ ಮಾಟುಂಗಾ, ಸಯಾನ್, ವಡಾಲ. ಕೊಳೆಗೇರಿಗಳಲ್ಲಿ ನೂರಕ್ಕೆ 57 ಜನರಿಗೆ ಸೋಂಕು ಆಗಲೇ ಬಂದು ಹೋಗಿತ್ತಂತೆ. ಉಳಿದ ಕಡೆ ನೂರಕ್ಕೆ 16. ಅಷ್ಟು ಜನ ಆಸ್ಪತ್ರೆಗೆ ಹೋಗಿದ್ದರೆ ಮುಂಬೈಯಲ್ಲಿ ಮಂಚವೇ ಸಾಲುತ್ತಿರಲಿಲ್ಲ. ಹೆಚ್ಚಿನವರಿಗೆ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ನಾವು ಏಳು ಜನ ಗಟ್ಟಿ ಜನ ಅಂತ ಕೂತಿದ್ದೆವಲ್ಲ, ಅದನ್ನು ನೆನೆದು ಒಬ್ಬನೇ ನಕ್ಕೆ.

ಅಕ್ಟೋಬರ್ 5ಕ್ಕೆ ಮಹಾರಾಷ್ಟ್ರದಲ್ಲಿ ಹೋಟೆಲುಗಳು ಅರ್ಧ ಜನರೊಂದಿಗೆ ತೆರೆದವು. ಅದರ ಮುಂದಿನ ವಾರ ನಾನು ವಾಪಸು ಹೋದೆ. ಹೋಟೆಲಿನ ಮಾಲೀಕರು ಎಲ್ಲರಿಗೂ ಆಂಟಿಬಾಡಿ ಟೆಸ್ಟು ಮಾಡಿಸಿದರು, ಸೋಂಕು ಬಂದುಹೋದ ಗುರುತು ರಕ್ತದಲ್ಲಿ ಇದೆಯಾ ಅಂತ ನೋಡುವುದು. ನನಗೆ ಇತ್ತು, ಅದರಲ್ಲಿ ಆಶ್ಚರ್ಯ ಇಲ್ಲ. ರೂಮಿನ ಉಳಿದ ಆರು ಜನರಲ್ಲಿ ನಾಲ್ವರಿಗೆ ಇತ್ತು. ಗಣೇಶನಿಗೂ. ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಒಂದು ದಿನ ಮಲಗಿದವನಲ್ಲ ಅವನು. ಲಾಕ್‌ಡೌನಿನಲ್ಲಿ ಗಲ್ಲಿಯ ಇಪ್ಪತ್ತು ಮನೆಗೆ ಚಾ ಮಾಡಿ ಹಂಚಿದ್ದ.

ಚೀಟಿಯನ್ನು ಎರಡೆರಡು ಸಲ ನೋಡಿ ಜೇಬಿಗೆ ಹಾಕಿಕೊಂಡ. ಸ್ಟೌವಿನ ಹತ್ತಿರ ಹೋಗಿ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಂಗಾರೆ ನಿಂಗೆ ಕೊಟ್ಟದ್ದ್ ನಾನೇ ಮಾರಾಯ" ಅಂದ.

"ನಾನ್ ನಿಂಗೆ ಕೊಟ್ಟದ್ದೂ ಆಯ್ಲಕ್ಕ್" ಅಂದೆ.

ಅವನು ಎರಡು ಲೋಟ ತೆಗೆದು, ಎರಡನ್ನೂ ಬಿಸಿನೀರಿನಲ್ಲಿ ಅದ್ದಿ, ಎರಡಕ್ಕೂ ಅರ್ಧರ್ಧ ಚಾ ಹೊಯ್ದ.